ಹೆಡ್ ನರ್ಸ್ ಮುಟ್ಟದ ತಟ್ಟೆ

ಅಕ್ಕನ ಮನೆ
ಭಾನುವಾರ, ಮಧ್ಯಾಹ್ನ

ಡಾಕ್ಟರೇ,

ಹೀಗೆ ಕರೆದಳೆಂದು ಹುಬ್ಬು ಗಂಟಿಕ್ಕಬೇಡಿ. ಮೊದಲು 'ಪ್ರೀತಿಯ' ಎಂದು ಬರೆದೆ, ಪೆನ್ನು ಮುಂದೆ ಹೋಗಲಿಲ್ಲ, ಹೊಡೆದುಹಾಕಿದೆ. ಊರೆಲ್ಲ ಕರೆಯುವ ಹಾಗೆ ಕರೆದರೆ ಇಬ್ಬರಿಗೂ ಮುಜುಗರವಿಲ್ಲ. ಮದುವೆಯಾದ ಮೇಲೆ ನಿಮಗೆ ಕಾಗದ ಬರೆಯುವ ಪ್ರಸಂಗವೇ ಬಂದಿರಲಿಲ್ಲ. ದಿನವಿಡೀ ಒಂದೇ ಕ್ಲಿನಿಕ್ಕಿನಲ್ಲಿ, ನೀವು ಸೂಜಿ ಹಿಡಿದರೆ ನಾನು ನಾಯಿಯ ಕತ್ತು ಹಿಡಿದು, ಮೊಣಕೈಗೆ ಮೊಣಕೈ ತಾಗಿಸಿಕೊಂಡು ನಿಂತವರು ನಾವು. ಫೋನಿನಲ್ಲಿ ಹೇಳೋಣವೆಂದರೆ ನೀವು ನಡುವೆ ಬಾಯಿ ಹಾಕುತ್ತೀರಿ, ನಾನು ಅಳುತ್ತೇನೆ. ಕಾಗದಕ್ಕೆ ಆ ಎರಡು ಕಾಟವೂ ಇಲ್ಲ.

ನಿನ್ನೆ ನಮ್ಮ ಕಾಂಪೌಂಡರ್ ಬಂದಿದ್ದ. ಒಳಗೆ ಬಾ ಎಂದರೂ ಬರದೆ, ಹೊಸ್ತಿಲಾಚೆ ಚಪ್ಪಲಿ ಹಾಕಿಕೊಂಡೇ ನಿಂತು, ನೀವು ಹೇಳಿಕಳಿಸಿದ್ದನ್ನು ಒಪ್ಪಿಸಿದ: "ಅಮ್ಮಾ, ನಿಮಗೆ ಬರೋಕೆ ಮನಸ್ಸಿಲ್ಲ ಅಂದ್ರೆ ಹೆಡ್ ನರ್ಸನ್ನಾದ್ರೂ ಕಳಿಸ್ಬೇಕಂತೆ. ಜನ ದಿನಾ ಕೇಳ್ತಾರಂತೆ." ಪಾಪ, ಹೇಳುವಾಗ ಅವನ ಮುಖ ನೋಡಬೇಕಿತ್ತು. ನನಗೆ ನಗು ಬಂತು. ಅವನು ಹೋದ ಮೇಲೆ ಹೊಟ್ಟೆ ಉರಿಯಿತು. ಹೆಂಡತಿ ಬರದಿದ್ದರೂ ನಿಮ್ಮ ಬಂಡಿ ಓಡುತ್ತದೆ, ಬೆಕ್ಕು ಮಾತ್ರ ಬೇಕೇ ಬೇಕು!

ಕಳಿಸುವುದಿಲ್ಲ. ಅವಳು ಅಕ್ಕನ ಬೀರುವಿನ ಮೇಲೆ ಕುಳಿತು ಇಡೀ ಮನೆಯ ತಪಾಸಣೆ ಮಾಡುತ್ತಿದ್ದಾಳೆ. ಅಕ್ಕನಿಗೆ ಬೆಕ್ಕಿನ ಕೂದಲು ಆಗುವುದಿಲ್ಲ. ಸೀನಿ ಸೀನಿ ಮೂಗು ಕೆಂಪು ಮಾಡಿಕೊಂಡು ಬೈಯುತ್ತಾಳೆ, ಬೈಯುತ್ತಲೇ ಮೀನಿನ ಮುಳ್ಳು ಬಿಡಿಸಿ ಅವಳ ಮುಂದಿಡುತ್ತಾಳೆ.

ಜನ ಕೇಳುತ್ತಾರೆ, ನಿಜ. ಕೇಳುವ ಹಾಗೆ ಮಾಡಿದವಳು ನಾನು. ಯಾರೋ ನಮ್ಮ ಮೆಟ್ಟಿಲ ಮೇಲೆ ಬೂಟಿನ ಡಬ್ಬಿಯಲ್ಲಿಟ್ಟು ಹೋದ ಮರಿ ದೊಡ್ಡದಾಗಿ, ಬೆಳಿಗ್ಗೆ ಬೆಳಿಗ್ಗೆ ಬೋನುಗಳ ಮುಂದೆ ಬಾಲವೆತ್ತಿ ರೌಂಡ್ಸ್ ಹೊಡೆಯತೊಡಗಿದಾಗ ಬಂದವರೇ ಅವಳಿಗೆ ಹೆಡ್ ನರ್ಸ್ ಎಂದು ಹೆಸರಿಟ್ಟರು. ನಾನು ಅವಳ ಬಾಯಲ್ಲಿ ಸುದ್ದಿ ಬರೆದು ಎಲ್ಲರ ಫೋನಿಗೂ ಕಳಿಸಲು ಶುರುಮಾಡಿದೆ. "ನಿಮಗೆ ಜ್ವರ ಬಂದರೆ ನುಂಗುವ ಮಾತ್ರೆ ನನಗೆ ಕೊಟ್ಟರೆ ನಾನು ಸತ್ತೇ ಹೋಗುತ್ತೇನೆ. ಅಷ್ಟು ಪ್ರೀತಿ ಇದ್ದರೆ ಡಾಕ್ಟರಿಗೆ ಫೋನ್ ಮಾಡಿ." "ಈರುಳ್ಳಿ ಹಾಕಿ ಬೇಯಿಸಿದ ಮಾಂಸ ನಿಮಗೆ ರುಚಿ, ನನ್ನ ರಕ್ತಕ್ಕೆ ವಿಷ." "ಬೆಳಿಗ್ಗೆ ಹಾಕಿದ ಊಟ ಸಂಜೆಗೂ ಅದೇ ತಟ್ಟೆಯಲ್ಲಿದ್ದರೆ ಮುಖ ತಿರುಗಿಸುವುದು ಸೊಕ್ಕಲ್ಲ ಸ್ವಾಮಿ. ತಟ್ಟೆ ತೊಳೆಯಿರಿ." ನೀವು ಅದೇ ಮಾತನ್ನು ಕೋಟು ಹಾಕಿಕೊಂಡು ಹೇಳಿದರೆ ಜನ ತಲೆಯಾಡಿಸಿ ಮರೆಯುತ್ತಿದ್ದರು. ಬೆಕ್ಕು ಹೇಳಿದರೆ ಕೇಳುತ್ತಿದ್ದರು.

ಹಾಗೆಯೇ ಆ ತಟ್ಟೆಯ ಪದ್ಧತಿಯೂ ಬೆಳೆಯಿತು. ಮಾರಾಟಕ್ಕೆ ಯಾವ ತಿನಿಸು ಬರಲಿ, ಮೊದಲ ಹಿಡಿ ತೂಕದ ಯಂತ್ರದ ಪಕ್ಕದ ಸ್ಟೀಲ್ ತಟ್ಟೆಗೆ. ಅವಳು ತಿಂದರೆ ಕಪಾಟಿಗೆ, ಇಲ್ಲವಾದರೆ ವಾಪಸ್. ತಮಾಷೆಗೆಂದು ಶುರುವಾದದ್ದು ಕಾನೂನಾಯಿತು. "ಹೆಡ್ ನರ್ಸ್ ಪಾಸ್ ಮಾಡಿದ್ಳಾ?" ಎಂದು ಕೇಳದೆ ಯಾರೂ ಚೀಲ ಎತ್ತುತ್ತಿರಲಿಲ್ಲ. ನೀವೂ ಆಗ ನಗುತ್ತಿದ್ದಿರಿ, ನಿಮಗೂ ಹೆಮ್ಮೆಯಿತ್ತು.

ಮೈದುನ ಶೆಡ್ಡು ಹಾಕಿ ಬೆಕ್ಕಿನ ತಿನಿಸು ಮಾಡತೊಡಗಿದಾಗ ಅವನ ಮೊದಲ ಚೀಲವನ್ನು ಅವಳು ತಿಂದಳು. ಆ ದಿನ ನೀವು ತಮ್ಮನ ಬೆನ್ನು ತಟ್ಟಿದ್ದು ನನಗೆ ನೆನಪಿದೆ. ಆಮೇಲೆ ಬಂದ ಚೀಲಗಳ ತಿನಿಸನ್ನು ಅವಳು ಮೂಸಿ ನೋಡಿ, ತಟ್ಟೆಯ ಸುತ್ತ ನೆಲವನ್ನು ಕೆರೆದಳು, ಹೇಸಿಗೆ ಮುಚ್ಚುವ ಹಾಗೆ. ನಾನು ತಟ್ಟೆಯನ್ನು ಕಸದ ಬುಟ್ಟಿಗೆ ಬಡಿದೆ. "ಬೆಕ್ಕಿನ ನಖರಾ ನೋಡ್ಕೊಂಡು ಕೂತ್ರೆ ಅಂಗಡಿ ನಡೆಯಲ್ಲ" ಎಂದು ನೀವೇ ಆ ಚೀಲಗಳನ್ನು ಕಪಾಟಿಗೆ ಜೋಡಿಸಿದಿರಿ. ನಮ್ಮ ಬೆಕ್ಕು ತಿನ್ನುತ್ತಿಲ್ಲ ಎಂದು ಒಬ್ಬೊಬ್ಬರೇ ದೂರಲು ಶುರುಮಾಡಿದರು. ಒಂದು ದಿನ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನನ್ನ ಫೋನಿನಿಂದ ಹೆಡ್ ನರ್ಸ್ ಸುದ್ದಿ ಹೋಗಿಯಾಗಿತ್ತು: "ಹೊಸ ಚೀಲ ಒಡೆದಾಗ ಮುಖ ತಿರುಗಿಸುವುದು ನಮ್ಮ ಚಾಳಿ. ಸೋಲಬೇಡಿ. ಮುದ್ದು ಮಾಡಿ ಕೈಯಲ್ಲೇ ತಿನ್ನಿಸಿ. ನಾನಂತೂ ತಟ್ಟೆ ನೆಕ್ಕಿಬಿಟ್ಟೆ."

ಚೆನ್ನಾಗಿ ಬರೆದಿದ್ದಿರಿ. ನನ್ನ ಧಾಟಿಯನ್ನು ಇಷ್ಟು ಚೆನ್ನಾಗಿ ಕಲಿತಿದ್ದೀರೆಂದು ನನಗೆ ಗೊತ್ತಿರಲಿಲ್ಲ. ನಾನು ಕೂಗಾಡಿದಾಗ "ಒಂದು ತಮಾಷೆ ಮೆಸೇಜಿಗೆ ಯಾಕೆ ಇಷ್ಟು ರಂಪ?" ಎಂದಿರಿ.

ಟೈಲರಮ್ಮನಿಗೆ ಅದು ತಮಾಷೆಯಾಗಿರಲಿಲ್ಲ. ಎದುರುಗಡೆ ಕಿಟಕಿಯಲ್ಲಿ ಮೆಷಿನ್ನಿಟ್ಟುಕೊಂಡು ಒಂಟಿಯಾಗಿ ಬದುಕುವ ಹೆಂಗಸು. ಬಟ್ಟೆ ಚೂರುಗಳ ಬುಟ್ಟಿಯಲ್ಲಿ ಅವರ ಬೆಕ್ಕು, ಗುಂಡಿ. ಅದು ಹೊಸ ಚೀಲದ್ದನ್ನು ಮೂಸಿಯೂ ನೋಡಿರಲಿಲ್ಲವಂತೆ. "ಹೆಡ್ ನರ್ಸ್ ಹೇಳಿದ್ಲಲ್ಲ, ಅದಕ್ಕೇ ತೊಡೆ ಮೇಲೆ ಕೂರಿಸ್ಕೊಂಡು ಒಂದೊಂದೇ ಕಾಳು ಬಾಯಿಗಿಟ್ಟೆ. ಈಗ ಹೊಂದ್ಕೊಂಡಿದೆ" ಎಂದು ರಸ್ತೆಯಲ್ಲಿ ಸಿಕ್ಕಾಗ ಖುಷಿಯಿಂದ ಹೇಳಿದ್ದರು. ಆಮೇಲೆ ಒಂದು ಬೆಳಿಗ್ಗೆ ಗುಂಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಓಡಿಬಂದರು. ಕಿವಿಯ ಒಳಗೆಲ್ಲ ಹಳದಿ, ಒಸಡೂ ಹಳದಿ. ನಿಮ್ಮ ಮೇಜಿನ ಮೇಲೆ, ನನ್ನ ಕೈಯಡಿಯಲ್ಲೇ ಉಸಿರು ನಿಂತಿತು.

ಆಗ ಅವರು ಕೇಳಿದ್ದು ನಿಮಗೆ ನೆನಪಿರಲೇಬೇಕು. "ನಾನೇನಾದ್ರೂ ತಪ್ಪು ತಿನ್ನಿಸ್ಬಿಟ್ನಾ ಡಾಕ್ಟ್ರೇ?" ನೀವು ಅವರ ಹೆಗಲ ಮೇಲೆ ಕೈಯಿಟ್ಟು ಹೇಳಿದಿರಿ: "ವಯಸ್ಸಾಗಿತ್ತಮ್ಮ. ನಿಮ್ಮದೇನೂ ತಪ್ಪಿಲ್ಲ." ಎಂಥ ಒಳ್ಳೆಯ ಮನುಷ್ಯನನ್ನು ಕಟ್ಟಿಕೊಂಡೆ ಎಂದು ಹತ್ತಿ ಹಿಡಿದುಕೊಂಡು ನಿಂತ ನಾನು ಅಂದುಕೊಂಡೆ. ಈಗ ಆ ಕೈ ನೆನಪಾದರೆ ಮೈ ಮುಳ್ಳಾಗುತ್ತದೆ. ಸಂಜೆ ಟೈಲರಮ್ಮ ಗುಂಡಿಯ ಪುಟ್ಟ ಹಾಸಿಗೆಯನ್ನು ಒಗೆದು, ಹರಿದ ಮೂಲೆಗೆ ಹೊಲಿಗೆ ಹಾಕಿ ತಂದುಕೊಟ್ಟರು. ಹೆಡ್ ನರ್ಸ್ ಮಲಗಲಿ ಎಂದರು. ನೀವು ಎರಡೂ ಕೈಯಲ್ಲಿ ತೆಗೆದುಕೊಂಡಿರಿ.

ಮರುದಿನ ಮೈದುನನ ಫೋನ್ ಬಂತು, ನೀವು ಆಪರೇಷನ್ನಿನಲ್ಲಿದ್ದಿರಿ. "ಅತ್ತಿಗೆ, ಆ ಕೆಟ್ಟ ಚೀಲಗಳೆಲ್ಲ ವಾಪಸ್ ಬಂದ್ವಾ? ತಿನಿಸಿಗೆ ಹಾಕಿದ ಜೋಳಕ್ಕೆ ಬೂಸ್ಟು ಹಿಡಿದು ವಿಷವಾಗಿತ್ತು, ಗೊತ್ತಾಗ್ಲಿಲ್ಲ. ಗೊತ್ತಾದ ತಕ್ಷಣ ಅಣ್ಣನಿಗೆ ಹೇಳ್ದೆ. ಎಲ್ಲರಿಗೂ ತಿಳಿಸಿದ್ದಾನೆ ತಾನೆ?" ಯಾವಾಗ ಹೇಳಿದ್ದು ಎಂದು ಕೇಳಿದೆ. ನಿಮ್ಮ ತಮಾಷೆ ಮೆಸೇಜು ಹೋದ ಮರುದಿನವಂತೆ. ಗುಂಡಿ ಆಗಿನ್ನೂ ಬಟ್ಟೆ ಚೂರುಗಳ ಬುಟ್ಟಿಯಲ್ಲಿ ಆಡಿಕೊಂಡಿತ್ತು. ಕಪಾಟು ಖಾಲಿಯಾದದ್ದನ್ನು ನಾನು ಮಾರಾಟವೆಂದುಕೊಂಡಿದ್ದೆ. ಎಕ್ಸ್‌ರೇ ಕೋಣೆಯ ಹಿಂದೆ ಹೋಗಿ ನೋಡಿದರೆ ಉಳಿದ ಚೀಲಗಳ ಮೇಲೆ ನಿಮ್ಮ ಹಳೆಯ ಪರದೆ.

ತಮ್ಮನ ಹೊಟ್ಟೆಯ ಮೇಲೆ ಹೇಗೆ ಹೊಡೆಯಲಿ ಎಂದು ನೀವು ನನ್ನನ್ನೇ ಕೇಳಿದಿರಿ. ಅವನ ಮೇಲೆ ಯಾಕೆ ಹಾಕುತ್ತೀರಿ? ಅವನು ಶೆಡ್ಡಿಗೆ ಬೀಗ ಹಾಕಿ, ಎಲ್ಲರಿಗೂ ಹೇಳು ಎಂದು ಅಂಗಲಾಚಿದ್ದ. ನಿಮ್ಮ ಹೆದರಿಕೆಯೇ ಬೇರೆ. ಚೀಲ ಕೆಟ್ಟಿದೆ ಎಂದರೆ ಹೆಡ್ ನರ್ಸ್ ಹೇಗೆ ತಟ್ಟೆ ನೆಕ್ಕಿದಳು ಎಂದು ಜನ ಕೇಳುತ್ತಿದ್ದರು. ಡಾಕ್ಟರು ಬೆಕ್ಕಿನ ಬಾಯಲ್ಲಿ ಸುಳ್ಳು ಹೇಳಿಸಿದರು ಎಂದು ನಾಲ್ಕು ಜನ ನಗುತ್ತಿದ್ದರು. ಅಷ್ಟೇ ಅಲ್ಲವೇ? ಆ ನಗುವಿಗೆ ಹೆದರಿ ನೀವು ಒಂದು ಜೀವ ಹೋಗಲು ಬಿಟ್ಟಿರಿ. ಹೋದ ಮೇಲೂ ವಯಸ್ಸಿನ ಮೇಲೆ ಹಾಕಿದಿರಿ.

ನಾನು ಅಕ್ಕನ ಮನೆಯಲ್ಲಿ ಮುಸುಕು ಹೊದ್ದು ಅಳುತ್ತಿದ್ದೇನೆಂದು ನೀವು ತಿಳಿದಿರಬಹುದು. ಅತ್ತಿದ್ದೇನೆ, ಇಲ್ಲವೆನ್ನುವುದಿಲ್ಲ. ಆದರೆ ಹೊರಟ ಸಂಜೆಯಿಂದಲೇ ಮನೆಮನೆಗೆ ತಿರುಗಿ, ಆ ತಿನಿಸು ಕೊಂಡವರ ಬಾಗಿಲು ಬಡಿದು ಚೀಲಗಳನ್ನು ವಾಪಸ್ ತಂದೆ. ರಿಟೈರಾದ ಮೇಷ್ಟರ ಬೆಕ್ಕು ವಾಂತಿ ಮಾಡಿ ಮಾಡಿ ಸೋತಿತ್ತು. ಬೇರೆ ಡಾಕ್ಟರ ಹತ್ತಿರ ಓಡಿಸಿದೆವು, ಉಳಿಯಿತು. ಎಲ್ಲ ಕಡೆಯೂ ಒಂದೇ ಪ್ರಶ್ನೆ: ಹೆಡ್ ನರ್ಸ್ ತಿಂದಿದ್ದಳಲ್ಲ, ಅವಳು ಹುಷಾರಾಗಿದ್ದಾಳಾ? ಅವಳು ಮುಟ್ಟಲೇ ಇಲ್ಲ ಎಂದೆ. ಮತ್ತೆ ಯಾಕೆ ಹಾಗೆ ಬರೆದೆ ತಾಯಿ ಎಂದರು. ಸುದ್ದಿ ಬರೆಯುವವಳು ನಾನೆಂದು ಎಲ್ಲರಿಗೂ ಗೊತ್ತಲ್ಲ. ನಾನು ನಿಮ್ಮ ಹೆಸರೆತ್ತಲಿಲ್ಲ. ಮೇಷ್ಟರ ಹೆಂಡತಿ ನನ್ನ ಮುಖಕ್ಕೇ ಬಾಗಿಲು ಹಾಕಿದರು. ಅದನ್ನೂ ನುಂಗಿಕೊಂಡೆ. ನಿಮ್ಮನ್ನು ಕಾಪಾಡಲಿಕ್ಕೆ ಅಂದುಕೊಳ್ಳಬೇಡಿ. ನಿಮ್ಮ ಹೆಸರನ್ನು ನೀವೇ ಹೇಳಬೇಕು.

ಟೈಲರಮ್ಮನ ಮನೆಯ ಅರ್ಧ ಚೀಲವನ್ನೂ ತಂದಿದ್ದೇನೆ. ಅಲ್ಲಿ ಮಾತ್ರ ನಾನೇನೂ ಹೇಳಲಿಲ್ಲ. ಆ ಬಾಗಿಲು ನಿಮ್ಮದು.

ಹೋಗಿ. ಕೋಟು ಕಳಚಿಟ್ಟು ಹೋಗಿ. ಮೆಸೇಜು ಕಳಿಸಬೇಡಿ, ಕಾಂಪೌಂಡರನ್ನು ಕಳಿಸಬೇಡಿ, ಇನ್ನೊಂದು ಬೆಕ್ಕನ್ನು ತಂದು ಅದರ ಬಾಯಲ್ಲಿ ಹೇಳಿಸಬೇಡಿ. ಅಳತೆ ಕೊಡಲು ಬಂದವರು ಕೂರುವ ಸ್ಟೂಲಿನ ಮೇಲೆ ಕುಳಿತು, ಗುಂಡಿಗೆ ವಯಸ್ಸಾಗಿರಲಿಲ್ಲ ಎಂದು ಹೇಳಿ. ನನಗೆ ಮೊದಲೇ ಗೊತ್ತಿತ್ತು ಎಂದು ಹೇಳಿ. ಅವರು ಬೈದರೆ ಬೈಸಿಕೊಳ್ಳಿ, ಬೈಯದಿದ್ದರೆ ಅದನ್ನೂ ಸಹಿಸಿಕೊಳ್ಳಿ. ಹೋಗಿಬಂದರೆ ನೀನು ಬರುತ್ತೀಯಾ ಎಂದು ಮಾತ್ರ ಕೇಳಬೇಡಿ. ನನಗೆ ನಿಮ್ಮ ಮೇಲೆ ಪ್ರೀತಿ ಇದೆಯೋ ಇಲ್ಲವೋ ನನಗೇ ತಿಳಿಯುತ್ತಿಲ್ಲ. ನಂಬಿಕೆಯಂತೂ ಇಲ್ಲ.

ಬಿ.ಪಿ. ಮಾತ್ರೆ ಫ್ರಿಜ್ಜಿನ ಮೇಲಿದೆ, ತಪ್ಪಿಸಬೇಡಿ.

ಇಂತಿ,
ಇಷ್ಟು ದಿನ ಬೆಕ್ಕಿನ ಬಾಯಲ್ಲಿ ಮಾತಾಡಿದವಳು

ತಾ.ಕ.: ಮೇಲೆ ಬರೆದದ್ದರಲ್ಲಿ ಒಂದನ್ನು ಅರ್ಧಕ್ಕೆ ಬಿಟ್ಟಿದ್ದೇನೆ. ಟೈಲರಮ್ಮನಿಗೆ ನಾನೇನೂ ಹೇಳಲಿಲ್ಲ, ನಿಜ. ಚೀಲ ಕೈಗೆ ಕೊಡುತ್ತಾ ಅವರೇ "ಇದನ್ನೇ ಅಲ್ವಾ ನಮ್ಮ ಗುಂಡಿ ತಿಂದಿದ್ದು?" ಎಂದರು. ಅವರು ಮೆಷಿನ್ನಿನ ಮುಂದೆ ಕುಳಿತು, ಬಟ್ಟೆಯಿಡದೆ ಸುಮ್ಮನೆ ಸ್ವಲ್ಪ ಹೊತ್ತು ತುಳಿದರು. ಆಮೇಲೆ, "ನನಗೆ ಗೊತ್ತಾಯ್ತು ಅಂತ ಡಾಕ್ಟ್ರಿಗೆ ಹೇಳ್ಬೇಡಿ. ಅವರೇ ಬಂದು ಹೇಳ್ತಾರೆ, ಒಳ್ಳೆಯವ್ರು" ಎಂದು ನನ್ನಿಂದ ಮಾತು ತೆಗೆದುಕೊಂಡರು. ನೀವು ಈಗಲೂ ಷಟರ್ ಎತ್ತುವಾಗ ರಸ್ತೆಯಾಚೆಯಿಂದ ಚೆನ್ನಾಗಿದ್ದೀರಾ ಎಂದು ಕೇಳುತ್ತೀರಂತೆ, ಅವರು ಚೆನ್ನಾಗಿದ್ದೀನಿ ಎನ್ನುತ್ತಾರಂತೆ. ಕಾಂಪೌಂಡರ್ ಹೇಳಿದ. ಅಂದರೆ ಅವರು ಇನ್ನೂ ಕಾಯುತ್ತಿದ್ದಾರೆ. ಅವರಿಗೆ ಕೊಟ್ಟ ಮಾತನ್ನು ಇವತ್ತು ಮುರಿದೆ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವವರು ಒಂದು ಮನೆಗೆ ಒಬ್ಬರು ಸಾಕು.