ಪೂಜೆಗೆ ಮೊದಲು ಹಾಲು

ಇಳಕಲ್
೧೪ ನವೆಂಬರ್ ೧೯೮೩

ಚಿ. ಸೌ. ರೇಣವ್ವಳಿಗೆ,

ನಿನ್ನ ಅತ್ತೆ ಬರೆಯುವುದು. ಮೊದಲೇ ಹೇಳಿಬಿಡುತ್ತೇನೆ, ನಿನ್ನ ಮಗಳು ನೀಲವ್ವ ಆರಾಮ ಇದ್ದಾಳೆ. ಈಗ ಪಕ್ಕದ ಮನೆಯ ರೋಷನಬಿಯ ಮಗ್ಗದ ಹತ್ತಿರ ಕೂತು ಅವಳ ತಲೆ ತಿನ್ನುತ್ತಿದ್ದಾಳೆ. ಇಷ್ಟು ತಿಳಿದುಕೊಂಡು, ಗೋಡೆಗೆ ಒರಗಿ ಕೂತು ಮುಂದೆ ಓದು. ಹೆರಿಗೆಗೆಂದು ಬಾದಾಮಿಗೆ ಹೋದವಳಿಗೆ ಎರಡು ತಿಂಗಳು ಇದನ್ನು ಮುಚ್ಚಿಟ್ಟವಳು ನಾನೇ. ಬೈಯುವುದಿದ್ದರೆ ನನ್ನನ್ನೇ ಬೈ.

ನೀನು ಹೋದ ಮೇಲೆ ಹುಡುಗಿಯ ಮೈ ಇನ್ನೂ ಕಪ್ಪಾಯಿತು. ನೂಲಿನ ಬಣ್ಣ ಹತ್ತಿದೆ ಎಂದುಕೊಂಡು ದಿನಾ ಕಡಲೆಹಿಟ್ಟು ಹಚ್ಚಿ ತಿಕ್ಕಿದೆ. ಮುಂಜಾನೆ ಎದ್ದ ಕೂಡಲೆ ಹಸಿವು ಎನ್ನುತ್ತಿದ್ದಳು. ಲಿಂಗಪೂಜೆ ಆಗದೆ ನಮ್ಮ ಮನೆಯಲ್ಲಿ ಯಾರು ಬಾಯಿಗೆ ಏನು ಹಾಕುತ್ತಾರೆ? ನನ್ನ ಜೊತೆ ಕೂಡ್ರಿಸಿದೆ. ಒಂದು ದಿನ, "ಆಯಿ, ಕಣ್ಣ ಮುಂದ ಕತ್ತಲಿ ಬರಾಕ್ಹತ್ತೈತಿ" ಎಂದಳು. ಸೋಗು ಎಂದು ಗದರಿಸಿದೆ. ಅಲ್ಲೇ ಉರುಳಿ ಸೆಟೆದುಕೊಂಡಳು.

ಹುನಗುಂದದ ದವಾಖಾನೆಯಲ್ಲಿ ಗ್ಲೂಕೋಸ್ ಏರಿಸಿದ ಮೇಲೆ ಕಣ್ಣು ಬಿಟ್ಟಳು. ಅಲ್ಲಿಂದ ಬಾಗಲಕೋಟೆಯ ಡಾಕ್ಟರ ಹತ್ತಿರ ಒಯ್ದೆವು. ಅವರು ರಕ್ತವನ್ನು ಮುಂಬಯಿಗೆ ಕಳಿಸಿದರು. ವರದಿ ಬಂದಾಗ ಚಿತ್ರ ಬರೆದು ತಿಳಿಸಿದರು. ಮೂತ್ರಪಿಂಡದ ನೆತ್ತಿಯ ಮೇಲೆ ಸಣ್ಣ ಗ್ರಂಥಿ ಇರುತ್ತದಂತೆ. ಹಸಿದಾಗ ರಕ್ತದ ಸಕ್ಕರೆ ಇಳಿಯದಂತೆ ಕಾಯುವ ಹಾರ್ಮೋನ್ ತಯಾರಾಗುವುದು ಅಲ್ಲಿ. ತಯಾರಿಸು ಎಂದು ತಲೆಯೊಳಗಿನ ಇನ್ನೊಂದು ಗ್ರಂಥಿ ರಸ ಕಳಿಸುತ್ತದೆ. ಅದನ್ನು ಹಿಡಿಯಲು ಜೀವಕೋಶದ ಮೇಲೆ ರಿಸೆಪ್ಟರ್ ಎಂಬುದು ಬೇಕು. ನೀಲವ್ವನಿಗೆ ಅದೇ ಹುಟ್ಟಿನಿಂದ ಕೆಟ್ಟಿದೆ. ಕೆಳಗಿನಿಂದ ಉತ್ತರ ಬಾರದ್ದಕ್ಕೆ ತಲೆಯ ಗ್ರಂಥಿ ಇನ್ನಷ್ಟು ರಸ ಸುರಿಯುತ್ತದೆ, ಮೈ ಕಪ್ಪಾಗುವುದು ಅದರಿಂದ. ಅಪ್ಪ, ಅವ್ವ ಇಬ್ಬರ ರಕ್ತವೂ ಕೂಡಿ ಈ ಬೇನೆ ಬರುತ್ತದಂತೆ.

ಕೊನೆಗೆ ಡಾಕ್ಟರು ಆ ಹಾರ್ಮೋನಿನದೇ ಗುಳಿಗೆ ಬರೆದುಕೊಟ್ಟು, "ಗುಳಗಿ ಒಂದು ದಿನಾನೂ ತಪ್ಪಿಸಬ್ಯಾಡ್ರಿ, ಹೊಟ್ಟಿ ಖಾಲಿ ಬಿಡಬ್ಯಾಡ್ರಿ. ಈ ಹುಡುಗಿ ನಿಮ್ಮಂಗ ಮುದುಕಿ ಆಗ್ತಾಳ" ಎಂದರು. ರೇಣವ್ವ, ದವಾಖಾನೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಎದೆ ಹಗುರಾಯಿತು. ಈಗ ಎದ್ದ ಕೂಡಲೆ ಹಾಲು, ಗುಳಿಗೆ, ಆಮೇಲೆ ಪೂಜೆ. ಮಠದ ಅಯ್ಯನವರು ಹುಬ್ಬು ಏರಿಸಿದರು, ನಾನು ಕ್ಯಾರೇ ಅನ್ನಲಿಲ್ಲ.

ಹುಟ್ಟುವ ಕೂಸನ್ನೂ ಕೂಡಲೇ ತೋರಿಸಬೇಕಂತೆ, ಅದಕ್ಕೇ ಈಗ ಬರೆದೆ. ಹೆದರಬೇಡ, ಈ ಸಲ ಔಷಧಿ ಇದೆ.

ನಿನ್ನ ಅತ್ತೆ,
ಗುರುಸಿದ್ದವ್ವ

ತಾ.ಕ.: ನಿನ್ನ ಮೊದಲ ಮಗ ಕಪ್ಪಾಗಿ ತೀರಿದಾಗ, ನಿನ್ನ ಕಾಲ್ಗುಣ ಎಂದು ಓಣಿಗೆಲ್ಲ ಕೇಳುವಂತೆ ಅಂದಿದ್ದೆ. ನಿನ್ನ ಗಂಡನಿಗಿಂತ ಮೊದಲು ನನಗೊಂದು ಹೆಣ್ಣುಕೂಸು ಹುಟ್ಟಿತ್ತು. ಅದೂ ಹೀಗೇ ಕಪ್ಪಾಗಿ, ಒಂದು ಮುಂಜಾನೆ ಸೆಟೆದುಕೊಂಡು ಹೋಯಿತು. ನಿನ್ನನ್ನು ಅಂದಾಗಲೂ ನನಗೆ ಅದು ನೆನಪಿತ್ತು. ಅಂದು ಆ ಮಾತು ಕೇಳಿ ತಲೆ ತಗ್ಗಿಸಿ ಹೋದ ನಿನ್ನ ಅಪ್ಪನ ಮುಂದೆ ಈ ಸಾಲುಗಳನ್ನು ಗಟ್ಟಿಯಾಗಿ ಓದು.