ಕೊನೆಯ ಸಾಲು ಮೊದಲು

ಜುಲೈ 3

ಇವತ್ತು ಒಂಬತ್ತು ಆದೇಶ ಟೈಪ್ ಮಾಡಿದೆ. ಬೆರಳು ಬೆರಳಾಗಿ ಉಳಿದಿಲ್ಲ. ಅಣೆಕಟ್ಟೆ ಒಡೆದು ನಾಲ್ಕು ದಿನ. ಮಾರನೆಯ ದಿನವೇ ಸರ್ಕಾರ ನಮ್ಮ ಸಾಹೇಬರಿಗೆ ತುರ್ತು ಅಧಿಕಾರ ಕೊಟ್ಟಿತು. ಯಾರ ಕಟ್ಟಡ ಬೇಕಾದರೂ ತೆಗೆದುಕೊಳ್ಳಬಹುದು, ಯಾವ ರಸ್ತೆಯನ್ನಾದರೂ ಮುಚ್ಚಬಹುದು, ಯಾರನ್ನಾದರೂ ಒಳಗೆ ಹಾಕಬಹುದು. ಇಪ್ಪತ್ತೊಂದು ದಿನ. ಜುಲೈ 20, ಸಂಜೆ ಆರಕ್ಕೆ ಮುಗಿಯುತ್ತದೆ.

ಸಾಹೇಬರದ್ದು ಒಂದು ವಿಚಿತ್ರ ಕ್ರಮ. ಆದೇಶದ ಕೊನೆಯ ಸಾಲನ್ನು ಮೊದಲು ಟೈಪ್ ಮಾಡಬೇಕು. "ಈ ಆದೇಶ ಇಂಥ ದಿನ ಇಷ್ಟು ಗಂಟೆಗೆ ಮುಗಿಯುತ್ತದೆ." ಅದಾದ ಮೇಲೆ ಉಳಿದದ್ದು.

"ಯಾವಾಗ ಮುಗಿಯುತ್ತೆ ಅಂತ ಗೊತ್ತಿಲ್ಲದೆ ಶುರು ಮಾಡೋದು ಬೇಡಮ್ಮ" ಅಂದರು.

ಆಫೀಸಿನಲ್ಲಿ ಅವರಿಗೆ 'ಕೊನೆಸಾಲು' ಎಂದೇ ಹೆಸರು. ಇಟ್ಟವಳು ನಾನೇ.

ಜುಲೈ 12

ನೆಂಟರ ಪೈಕಿ ಮನೆ ಕಳೆದುಕೊಂಡವಳು ಚಿಕ್ಕಮ್ಮ ಒಬ್ಬಳೇ. ನನ್ನ ಒಂದೇ ಕೋಣೆಗೆ ಬಾ ಎಂದರೆ ಬರುವವಳಲ್ಲ. ಒಂದು ವಾರದಿಂದ ಸಿನಿಮಾ ಟಾಕೀಸಿನಲ್ಲಿ ಮುನ್ನೂರು ಜನರ ಜೊತೆ ಇದ್ದಳು. ಬಾಲ್ಕನಿ ಸೀಟು ಸಿಕ್ಕಿದೆ ಎಂದು ಜಂಬ ಬೇರೆ.

ಟಾಕೀಸು ಬಿಟ್ಟುಕೊಡಲು ಮಾಲೀಕ ಮೊದಲ ದಿನ ಕೂಗಾಡಿದ್ದ. ಇವತ್ತು ಸಂಜೆ ಆರಕ್ಕೆ ಅವಧಿ ಮುಗಿಯಿತು. ಸಾಹೇಬರು ನೆಲ ತೊಳೆಸಿ, ತಾವೇ ಹೋಗಿ ಬೀಗದ ಕೈ ಕೊಟ್ಟರು. ಆರಕ್ಕೆ ಐದು ನಿಮಿಷ ಇತ್ತು. ಮಾಲೀಕ ಬಾಯಿ ಬಿಟ್ಟುಕೊಂಡು ನಿಂತ. ನನಗೂ ಹಾಗೇ ಆಯಿತು. ತೆಗೆದುಕೊಂಡದ್ದನ್ನು ಹೇಳಿದ ದಿನ ವಾಪಸು ಕೊಡುವ ಸರ್ಕಾರವನ್ನು ನಾನು ನೋಡಿಯೇ ಇರಲಿಲ್ಲ.

ಟಾಕೀಸಿನ ಜನಕ್ಕೆಲ್ಲ ಮೈದಾನದಲ್ಲಿ ಟೆಂಟು. ಚಿಕ್ಕಮ್ಮನೂ ಹೋದಳು, ಗೊಣಗಿಕೊಂಡೇ.

ಜುಲೈ 14

ಮೈದಾನದಲ್ಲಿ ಅಕ್ಕಿ ಲಾರಿಗೆ ಜನ ಮುಗಿಬಿದ್ದು ಇಬ್ಬರ ಕಾಲು ಮುರಿಯಿತು. ಅಲ್ಲಿ ಐದು ಜನಕ್ಕಿಂತ ಹೆಚ್ಚು ಸೇರುವಂತಿಲ್ಲ ಎಂದು ಆದೇಶ. ಒಂದೇ ಸಮನೆ ಫೋನು, ಅದರ ನಡುವೆ ಟೈಪ್ ಮಾಡಿದೆ. ಸಾಹೇಬರು ಎರಡು ಫೋನುಗಳ ಮಧ್ಯೆ ಸಹಿ ಹಾಕಿದರು. ಟೀ ಎಂದಿನಂತೆ ಆರಿ ತಣ್ಣಗಾಯಿತು. ಥ್ಯಾಂಕ್ಸ್ ಎನ್ನುವ ಅಭ್ಯಾಸವಂತೂ ಅವರಿಗಿಲ್ಲ.

ಜುಲೈ 20

ಸಂಜೆ ಐದಕ್ಕೆ ಮಂತ್ರಿಗಳ ಫೋನು. ಈ ಕಡೆಯ ಮಾತು ಮಾತ್ರ ಕೇಳಿಸಿತು.

"ನೀರು ಇಳಿದಿದೆ ಸಾರ್... ಮೈದಾನದವರು ಘೋಷಣೆ ಕೂಗ್ತಾರೆ, ನಿಜ. ಮನೆ ಕೇಳ್ತಿದ್ದಾರೆ, ಅದು ಪ್ರವಾಹ ಅಲ್ಲ... ಇಲ್ಲ ಸಾರ್, ತುರ್ತು ಅಧಿಕಾರ ಮುಂದುವರಿಸಿ ಅಂತ ನಾನು ಬರೆಯಲ್ಲ."

ಆರಕ್ಕೆ ಫೈಲು ಕಟ್ಟಿದರು. "ಇನ್ನು ನಾನು ಬರೀ ಆಫೀಸರ್. ಊಟಕ್ಕೆ ಹೋಗಿ" ಅಂದರು. ಆಗ ಸಂಜೆ ಆರು ಗಂಟೆ, ಪಾಪ.

ಜುಲೈ 23

ಮೈದಾನದಲ್ಲಿ ಮನೆ ಕೊಡಿ ಎಂದು ಕೂತ ಹದಿನೇಳು ಜನರನ್ನು ಪೊಲೀಸರು ಎತ್ತಿಕೊಂಡು ಹೋದರು. ಅವರಲ್ಲಿ ಚಿಕ್ಕಮ್ಮ.

ಸ್ಟೇಷನ್ನಿಗೆ ಓಡಿದೆ. ಇನ್ಸ್‌ಪೆಕ್ಟರ್ ಕಾಗದ ತೋರಿಸಿದ. "ನಿಮ್ಮ ಸಾಹೇಬರದೇ ಸಹಿ. ಮುಗಿಯೋ ತಾರೀಖೇ ಇಲ್ಲ ನೋಡಿ. ಯಾರಾದ್ರೂ ರದ್ದು ಮಾಡೋವರೆಗೂ ಇರುತ್ತೆ."

14ನೇ ತಾರೀಖಿನ ಆದೇಶ. ಕೊನೆಯ ಸಾಲು ಇಲ್ಲ. ನಾನೇ ಬಿಟ್ಟಿದ್ದೇನೆ.

ಹೇಳಿದರೆ ಕೆಲಸ ಹೋಗಬಹುದು. ಹೇಳದಿದ್ದರೆ... ಕಂಬಿ ಹಿಂದಿನಿಂದ ಚಿಕ್ಕಮ್ಮ ಕೈ ಆಡಿಸಿದಳು.

ಜುಲೈ 24

ಹೇಳಿಬಿಟ್ಟೆ. ಸಾಹೇಬರು ಆಫೀಸ್ ಕಾಪಿಯನ್ನು ಎರಡು ಸಲ ಓದಿದರು.

"ಬಿಟ್ಟಿದ್ದು ನೀವು. ಓದದೆ ಸಹಿ ಹಾಕಿದ್ದು ನಾನು. ನಿಮ್ಮದಕ್ಕಿಂತ ನನ್ನದು ದೊಡ್ಡದು."

ಅಷ್ಟರಲ್ಲಿ ಮಂತ್ರಿಗಳ ಕಚೇರಿಯ ಫೋನು. ಆ ಆದೇಶ ಹಾಗೇ ಇರಲಿ, ಅನುಕೂಲವಾಯಿತು, ಇನ್ನೆರಡು ವಾರ ಯಾರೂ ಏನೂ ನೋಡಿಲ್ಲ ಎಂದುಕೊಳ್ಳೋಣ. ಇವರು ಸ್ಪೀಕರಿಗೆ ಹಾಕಿದ್ದರು, ನನಗೂ ಕೇಳಿಸಲಿ ಎಂದೇ ಇರಬೇಕು. "ನಾನು ನೋಡಿಬಿಟ್ಟೆನಲ್ಲ ಸಾರ್" ಎಂದು ಇಟ್ಟರು.

ರದ್ದು ಮಾಡುವ ಆದೇಶ ಹೇಳಿ ಬರೆಸಿದರು. ತಾವೇ ನಡೆದುಕೊಂಡು ಸ್ಟೇಷನ್ನಿಗೆ ಹೊರಟರು, ಹಿಂದೆ ನಾನು. ಅದನ್ನು ಹದಿನೇಳು ಜನರೆದುರು ಇನ್ಸ್‌ಪೆಕ್ಟರ್ ಕೈಲೇ ಗಟ್ಟಿಯಾಗಿ ಓದಿಸಿದರು. ಆಮೇಲೆ ಕಂಬಿಯ ಹತ್ತಿರ ಹೋಗಿ, "ತಪ್ಪು ನನ್ನದು" ಅಂದರು.

ಚಿಕ್ಕಮ್ಮ ಹೊರಗೆ ಬರುತ್ತಾ, "ಇಷ್ಟು ದೊಡ್ಡ ಆಫೀಸರ್ ಬಾಯಲ್ಲಿ ಈ ಮಾತು ಬರುತ್ತೆ ಅಂತ ಗೊತ್ತಿದ್ರೆ, ಹೋದ ವಾರವೇ ಒಳಗೆ ಬರ್ತಿದ್ದೆ" ಅಂದಳು. ಸಾಹೇಬರ ಕಿವಿ ಕೆಂಪಾಯಿತು.

ಮಧ್ಯಾಹ್ನ ಮೇಲಕ್ಕೆ ವರದಿ ಕಳಿಸಿದರು. ಟೈಪ್ ಮಾಡಿದ್ದು ನಾನೇ. ಅದರಲ್ಲಿ ನನ್ನ ಪ್ರಸ್ತಾಪವೇ ಇರಲಿಲ್ಲ. ಬಾತ್‌ರೂಮಿಗೆ ಹೋಗಿ ಅತ್ತು ಬಂದೆ.

ಜುಲೈ 31

ಸಾಹೇಬರಿಗೆ ವರ್ಗ. ಹೆಂಡತಿ ಮಕ್ಕಳಿಂದ ಇನ್ನೂ ದೂರದ ಊರಿಗೆ. ಅಂದುಕೊಂಡದ್ದೇ.

ಅಧಿಕಾರ ಹಸ್ತಾಂತರದ ಪತ್ರ ಟೈಪ್ ಮಾಡಲು ಹೇಳಿದರು. ಕೊನೆಯ ಸಾಲನ್ನೇ ಮೊದಲು ಮಾಡಿದೆ. ಇಂದು ಸಂಜೆ ಐದಕ್ಕೆ ಮುಗಿಯುತ್ತದೆ. ನೋಡಿ ನಕ್ಕರು. ಅವರು ನಕ್ಕದ್ದನ್ನು ನೋಡಿದ್ದು ಇದೇ ಮೊದಲು.

"ಥ್ಯಾಂಕ್ಸ್" ಅಂದರು. ಅದೂ ಮೊದಲು.

ಆಗಸ್ಟ್ 9, ಮಧ್ಯಾಹ್ನ 12.20

ಹೊಳೆ ಮತ್ತೆ ಏರಿದೆ. ಹೊಸ ಸಾಹೇಬರಿಗೂ ತುರ್ತು ಅಧಿಕಾರ ಬಂದಿದೆ. ಮೊದಲ ಆದೇಶ, ಮೈದಾನದ ಟೆಂಟುಗಳನ್ನೆಲ್ಲ ಖಾಲಿ ಮಾಡಿಸುವುದು, ಯಾರೂ ಅಲ್ಲಿಗೆ ವಾಪಸು ಬರುವಂತಿಲ್ಲ. ನೀರು ಬರುತ್ತಿದೆ, ಖಾಲಿ ಮಾಡಿಸಲೇಬೇಕು, ಒಪ್ಪಿದೆ. "ಈ ಆದೇಶ" ಎಂದು ಶುರು ಮಾಡಿ, ತಾರೀಖಿಗೆ ಜಾಗ ಬಿಟ್ಟು, "ಮುಗಿಯುತ್ತದೆ" ಎಂದು ಹೊಡೆದೆ. ಹಿಂದಿನಿಂದ ನೋಡಿದರು.

"ಇದನ್ನ ಯಾರು ಹೇಳಿದ್ರು? ತೆಗೀರಿ."

ಎದ್ದು ನಿಂತೆ. "ಯಾವತ್ತು ಮುಗಿಯುತ್ತೆ ಹೇಳಿ ಸಾರ್. ಅದಿಲ್ಲದೆ ಮುಂದಿನ ಸಾಲು ಟೈಪ್ ಮಾಡೋಕೆ ನನಗೆ ಬರಲ್ಲ."

ಹೊರಗೆ ಕಾಯಿರಿ ಎಂದರು. ಕಾರಿಡಾರಿನ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಕೆಲಸ ಹೋದರೆ ಚಿಕ್ಕಮ್ಮನ ಟೆಂಟಿಗೆ ಹೋಗುವುದು, ಅದೂ ಇದ್ದರೆ. ಇಪ್ಪತ್ತು ನಿಮಿಷ ಆಯಿತು. ಬಾಗಿಲು ಅರ್ಧ ತೆರೆದಿದೆ. ಎದ್ದರು. ಗೋಡೆಯ ಹತ್ತಿರ ಹೋದರು. ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸು—