ಭಾವಿ ನಗರಸೇವಿಕಾ

ನವೆಂಬರ್ 18

ಬೆಳಿಗ್ಗೆ ಅಂಗಡಿ ತೆರೆದೆ. ಸೀರೆ ಮಾರಿದ್ದೂ ನಾನೇ. ಇವರು ಇತ್ತ ಸುಳಿಯಲೇ ಇಲ್ಲ, ಫ್ಲೆಕ್ಸ್ ಕಟ್ಟಿಸಲು ಹೋಗಿದ್ದರು. ಸಂಜೆ ಚೌಕದಲ್ಲಿ ನೋಡಿದೆ. 'ಭಾವಿ ನಗರಸೇವಿಕಾ ಸೌ. ಮನೀಷಾ ಪಂಕಜ'. ನಗರಪರಿಷತ್ತಿನ ಮುಂದಿನ ಸದಸ್ಯೆ ಅಂತೆ, ನಾನು! ಇವರ ಫೋಟೊ ಬಾಗಿಲಷ್ಟು. ನನ್ನದು ಕಿಟಕಿಯಷ್ಟೂ ಇಲ್ಲ. ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಇಲ್ಲದಿದ್ದರೆ ನನ್ನ ಮೋರೆ ಯಾರಿಗೆ ಬೇಕಿತ್ತು!

ಊಟಕ್ಕೆ ಕೂತಾಗ ಮತ್ತೆ ಅಂದೆ, "ನನಗ ಬ್ಯಾಡ್ರೀ ಇದು."

"ನೀ ಬರೇ ನಿಂದ್ರು. ಮುಂದಿಂದೆಲ್ಲಾ ನಾ ನೋಡ್ಕೋತೀನಿ. ನಾ ತೋರ್ಸಿದಲ್ಲಿ ಸಹಿ ಮಾಡು, ಮುಗೀತು."

"ನಮ್ಮ ಕಾಕುನೂ ಹಂಗೇ ಸಹಿ ಮಾಡಿದ್ಲರೀ."

ದಾಳಿಂಬ ಊರಿನ ಪ್ರಯಾಗಬಾಯಿ ಕಾಕು, ಅಪ್ಪನ ತಮ್ಮನ ಹೆಂಡತಿ. ಸರಪಂಚ, ಅಂದರೆ ಪಂಚಾಯತಿ ಅಧ್ಯಕ್ಷೆ ಆಗಿದ್ದಳು. ಕಾಕಾ ತೋರಿಸಿದಲ್ಲೆಲ್ಲ ಸಹಿ ಹಾಕಿದಳು. ಆಗದ ರಸ್ತೆಗೆ ಬಿಲ್ ಆಯಿತು. ಕಾಕಾ ತೀರಿಕೊಂಡರು, ಕೇಸು ಇವಳ ತಲೆಗೆ ಬಂತು. ಇವತ್ತಿಗೂ ತಾರೀಖು ಬಂದಾಗಲೆಲ್ಲ ಶೇರ್ ಆಟೋ ಹತ್ತಿ ಉಮರ್ಗಾ ಕೋರ್ಟಿಗೆ ಹೋಗುತ್ತಾಳೆ.

ಇವರು ನಕ್ಕುಬಿಟ್ಟರು. ಅತ್ತೆ ರೊಟ್ಟಿ ಬಡಿಯುತ್ತ ಕೇಳಿಸಿಕೊಂಡರು. ಇವರು ಕಳ್ಳರಲ್ಲ, ಅದು ನನಗೆ ಗೊತ್ತು. ಆದರೆ ಇವರ ಗೆಳೆಯ ಕೈಲಾಸ? ಈಗಲೇ ಗಟಾರದ ಟೆಂಡರ್ ಮಾತು. ಕೂಸು ಹುಟ್ಟುವ ಮೊದಲೇ ಕುಲಾವಿ!

ನವೆಂಬರ್ 26

ಚಿಹ್ನೆ ಸಿಕ್ಕಿತು. ಕಪ್-ಬಶಿ. ಇವರಿಗೆ ಖುಷಿಯೋ ಖುಷಿ — ಮನೆಮನೆಗೆ ಚಹಾ ಅಂತೆ.

ಸಂಜೆ ಗಲ್ಲಿಯಲ್ಲಿ ಇವರ ಮಂದಿಯ ಮೆರವಣಿಗೆ. ಮರಾಠಿಯಲ್ಲಿ ಕೂಗು: "ಯೇಣಾರ ಯೇಣಾರ, ಕೋಣ ಯೇಣಾರ?" ಬರುವವರು ಯಾರು ಅಂತ. ಅತ್ತೆ ಕಟ್ಟೆ ಮೇಲೆ ಕೂತವರು ಕನ್ನಡದಲ್ಲಿ ಕೂಗಿದರು, "ಕೋಣ ಬರ್ಲತ್ತದಂತ, ದಾರಿ ಬಿಡ್ರವ್ವಾ!" ಎಲ್ಲರ ಮುಂದೆ ಎದೆಯುಬ್ಬಿಸಿ ಬರುತ್ತಿದ್ದವರು ಇವರು. ಇಡೀ ಗಲ್ಲಿ ಬಿದ್ದು ಬಿದ್ದು ನಕ್ಕಿತು. ಎಷ್ಟೋ ದಿನಗಳ ಮೇಲೆ ನಾನೂ.

ನವೆಂಬರ್ 29

ಪ್ರಚಾರ. ನಮ್ಮ ಗಲ್ಲಿಯ ಶಕುಂತಲಾಬಾಯಿ ಮನೆ ಹೊಸ್ತಿಲಲ್ಲಿ ಉಜ್ವಲಾ ಎದುರಾದಳು. ನನ್ನ ವಿರುದ್ಧ ನಿಂತವಳು. ನಮ್ಮ ಅಂಗಡಿಯ ಬ್ಲೌಸ್ ಪೀಸುಗಳನ್ನು ಹೊಲಿಯುವವಳೂ ಇವಳೇ. ಚಿಹ್ನೆಯೂ ಹೊಲಿಗೆ ಮಶೀನು. ಬೇಸಿಗೆಯಲ್ಲಿ ನಳ ನಿಂತಾಗ ಖಾಲಿ ಕೊಡ ಇಟ್ಟುಕೊಂಡು ನಗರಪರಿಷತ್ತಿನ ಬಾಗಿಲಲ್ಲಿ ಕೂತವಳು. ಶಕುಂತಲಾಬಾಯಿ ಇಬ್ಬರಿಗೂ ಕುಂಕುಮ ಹಚ್ಚಿದರು.

ಉಜ್ವಲಾ ಮೆಲ್ಲಗೆ ಕೇಳಿದಳು, "ಮನೀಷಾ, ಖರೆ ಹೇಳು. ನಿನಗ ಇದು ಬೇಕಾಗ್ಯಾದೇನು?"

ಹಿಂದೆ ಕೈಲಾಸ ನಿಂತಿದ್ದ. "ಕಪ್-ಬಶಿಗಿ ಹಾಕ್ರಿ" ಅಂದೆ. ಎದುರಾಳಿಗೇ! ನಾಚಿಕೆಯಿಂದ ಸತ್ತೆ.

ಇವರ ಲೆಕ್ಕ ಬೇರೆ. ನಮ್ಮದು ವ್ಯಾಪಾರಸ್ಥರ ಗಲ್ಲಿ, ಒಲವು ಯಾವಾಗಲೂ ನಮ್ಮ ಕಡೆಗೇ. ಆದರೆ ಗಲ್ಲಾ ಬಿಟ್ಟು ಬೂತಿಗೆ ಹೋಗುವವರೇ ಕಡಿಮೆ, ಹಿಂದಿನ ಸಲ ಅರ್ಧ ಮಂದಿಯೂ ಹೋಗಿರಲಿಲ್ಲ. "ಮಂದಿ ಹೊರಗ ಬಿದ್ರ ಗೆದ್ದಂಗೇ!" ಆಟೋಗಳಿಗೆ ಹೇಳಿದ್ದಾರೆ. ಹೆಂಗಸರನ್ನು ಕರೆದೊಯ್ಯುವ ಕೆಲಸ ಅತ್ತೆಗೆ.

ಡಿಸೆಂಬರ್ 2, ಮಧ್ಯಾಹ್ನ

ಮತ ಹಾಕಿ ಬಂದೆ. ಮಶೀನಿನ ಮೇಲೆ ನನ್ನದೇ ಹೆಸರು, ಕಪ್-ಬಶಿ. ಕೆಳಗೆ ಉಜ್ವಲಾ. ಕಾಕುವಿನ ಮುಖ ನೆನಪಾಯಿತು… ಉಜ್ವಲಾಗೆ ಒತ್ತಿದೆ. ಬೀಪ್ ಸದ್ದು ಇಡೀ ಊರಿಗೆ ಕೇಳಿತೇನೋ ಅನಿಸಿತು.

ಸಂಜೆ

ನೂರಕ್ಕೆ ಎಂಬತ್ತು ಮಂದಿ ಮತ ಹಾಕಿದರು! ನಮ್ಮ ಗಲ್ಲಿಯಲ್ಲಿ ಹಿಂದೆಂದೂ ಆಗಿರಲಿಲ್ಲವಂತೆ. ಅತ್ತೆ ಇಡೀ ದಿನ ಆಟೋದಲ್ಲೇ. ಹೊಸ್ತಿಲು ದಾಟದ ಮುದುಕಿಯರನ್ನೂ ಕರೆದೊಯ್ದರು. ಇವರು ಕುಣಿಯುತ್ತಿದ್ದಾರೆ: "ಅವ್ವಾ, ನೀನೇ ಗೆಲ್ಲಿಸ್ದಿ!"

"ಕಾಲು ನೋಯ್ಲತ್ತಾವ" ಅಂದು ಅತ್ತೆ ಮಲಗಿದರು.

ನನ್ನ ಒಂದು ಮತ ಈ ಹೊಳೆಯಲ್ಲಿ ಎಲ್ಲಿಯ ಲೆಕ್ಕ? ಮುಗಿಯಿತು ನನ್ನ ಕಥೆ.

ಡಿಸೆಂಬರ್ 4

ಮತ ಎಣಿಕೆ ಇಪ್ಪತ್ತೊಂದನೇ ತಾರೀಖಿಗೆ ಮುಂದೆ ಹೋಯಿತು. ಇವರು ಗುಲಾಲಿನ ಚೀಲ ತಂದು ಅಂಗಡಿಯಲ್ಲಿಟ್ಟಿದ್ದಾರೆ, ಬಿಳಿ ಪಂಚೆಗಳ ಪಕ್ಕದಲ್ಲೇ. ಬುದ್ಧಿಯೇ ಬುದ್ಧಿ.

ಡಿಸೆಂಬರ್ 13

ಊಟ ಸೇರುತ್ತಿಲ್ಲ. ಗಿರಾಕಿಗಳು ಆಗಲೇ 'ನಗರಸೇವಿಕಾಬಾಯಿ' ಅನ್ನುತ್ತಾರೆ.

ಡಿಸೆಂಬರ್ 21, ಹನ್ನೊಂದು ಗಂಟೆ

ಸೋತೆ!

ಸೋತೆ, ಸೋತೆ. ಇನ್ನೂರಕ್ಕೂ ಹೆಚ್ಚು ಮತಗಳಿಂದ. ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು, ನಳ ಬಿಟ್ಟು ಅತ್ತುಬಿಟ್ಟೆ. ಎದೆಯ ಮೇಲಿನ ಬೀಸುವ ಕಲ್ಲು ಯಾರೋ ಎತ್ತಿಟ್ಟಂತೆ. ಹೊರಗೆ ಬಂದಾಗ ಕಣ್ಣು ಕೆಂಪಗಿತ್ತು. ಪಾಪ, ಇವರೇ ಸಮಾಧಾನ ಮಾಡಿದರು.

ಮಧ್ಯಾಹ್ನ

ಕೈಲಾಸ ಫೋನ್ ಎತ್ತುತ್ತಿಲ್ಲ. ಇವರು ಗೋಡೆಗೆ ಒರಗಿ ಕೂತರು. "ನಮ್ಮ ಗಲ್ಲಿ ಬೂತಿನ್ಯಾಗೇ ಹೊಡ್ತ ಬಿದ್ದದ ನೋಡು. ನಾ ರೊಕ್ಕಾ ಕೊಟ್ಟ ಆಟೋದಾಗ ಹೋಗಿ ಅಕಿಗಿ ಹಾಕ್ಯಾರ!"

ಅಡುಗೆಮನೆಯಿಂದ ಹೂರಣದ ವಾಸನೆ. ಅತ್ತೆ ತಾಟು ತಂದಿಟ್ಟರು — ಬಿಸಿ ಹೋಳಿಗೆ, ಮೇಲೆ ತುಪ್ಪ.

"ಸೋತ ದಿನ ಹೋಳ್ಗಿ ಯಾಕವ್ವಾ?"

"ನನ್ನ ಸೊಸಿ ಕೋರ್ಟಿಗಿ ಅಲೆಯೋದು ತಪ್ಪಿತಲ್ಲ, ಅದಕ್ಕ." ಅತ್ತೆ ತುಪ್ಪ ಹಾಕುತ್ತಲೇ ಇದ್ದರು. "ಆಟೋದಾಗ ಒಬ್ಬೊಬ್ಬರಿಗಿ ನಾನೇ ಹೇಳೀನಿ. ಪೋರಿ ಗೆದ್ರ ಕೇಸಿನ್ಯಾಗ ಸಿಕ್ಕಿ ಬೀಳ್ತಾಳ, ಉಜ್ವಲಾಗ ಹಾಕ್ರಿ ಅಂದೆ. ಎಲ್ಲಾರೂ ಹೂಂ ಅಂದ್ರು."

ನನಗೆ ನಿಂತಲ್ಲೇ ಅವರ ಕಾಲು ಹಿಡಿಯಬೇಕು ಅನಿಸಿತು. ಇಷ್ಟು ದಿನ ಒಬ್ಬಳೇ ಹೆದರಿದ್ದೆ ಅಂದುಕೊಂಡಿದ್ದೆನಲ್ಲ.

ಇವರು ನಿಧಾನಕ್ಕೆ ನನ್ನ ಕಡೆ ತಿರುಗಿದರು. "ನೀನೂ?"

ಸುಳ್ಳು ಹೇಳಬಹುದಿತ್ತು. "ಹೂಂರೀ" ಅಂದೆ.

ಹೋಳಿಗೆ ಮುರಿದು ಬಾಯಿಗಿಟ್ಟರು. ಆಮೇಲೆ, "ಹಂಗಾರ ಈ ಮನ್ಯಾಗ ಕಪ್-ಬಶಿಗಿ ಬಿದ್ದದ್ದು ನಂದೊಂದೇ ಮತಾ?"

ಮೊದಲು ನಕ್ಕಿದ್ದು ಅತ್ತೆ. ಆಮೇಲೆ ನಾನು, ತಡೆಯಲಾಗಲೇ ಇಲ್ಲ. ಇವರು ತಲೆ ಬಗ್ಗಿಸಿ ಕೂತಿದ್ದರು, ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೋ ಎಂದು ಹೆದರಿ ಹತ್ತಿರ ಹೋದೆ. ನಗುತ್ತಿದ್ದರು, ಬಾಯಿ ತುಂಬ ಹೋಳಿಗೆ, ಅದರಲ್ಲೇ ನನಗೇನೋ ಹೇಳಲು ಹೋಗಿ ನೆತ್ತಿಗೇರಿಸಿಕೊಂಡರು. ನೀರು ಕೊಟ್ಟೆ.